ಬಾಂಬ್ ಬಿದ್ದ ಮನೆಯಲ್ಲಿ ಸತ್ತವರು ಯಾರೆಂದು ದೂರದಲ್ಲಿ ಕುಳಿತು ತಿಳಿಯಬಹುದೇ?

ಪ್ರಶ್ನೆ:

ಮಾನ್ಯರೇ, ನಾನು ಪತ್ರಿಕೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿನಿ. ಅರಬ್ಬಿ ಓದಬಲ್ಲೆನಾದ್ದರಿಂದ, ವೈಮಾನಿಕ ದಾಳಿಗಳಲ್ಲಿ ಸತ್ತ ನಾಗರಿಕರ ಮಾಹಿತಿಯನ್ನು ಕಲೆಹಾಕುವ ಸ್ವಯಂಸೇವಕರ ತಂಡವೊಂದರಲ್ಲಿ ಕೆಲವು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ಈಗ ನನ್ನ ಪಾಲಿಗೆ ಬಂದಿರುವುದು ಪಟ್ಟಣವೊಂದರ ಮೂರಂತಸ್ತಿನ ವಸತಿ ಕಟ್ಟಡದ ಮೇಲೆ ರಾತ್ರಿ ಹೊತ್ತು ನಡೆದ ದಾಳಿ. ಅಲ್ಲಿನ ಆಸ್ಪತ್ರೆ 34 ಮಂದಿ ಸತ್ತರೆಂದು ಹೇಳಿತು. ಸುದ್ದಿಸಂಸ್ಥೆಯೊಂದು 19 ಎಂದು ಬರೆಯಿತು. ನೆರೆಹೊರೆಯವರು ಹಂಚಿಕೊಂಡ ಪಟ್ಟಿಯಲ್ಲಿ 27 ಹೆಸರುಗಳಿವೆ. ಅದನ್ನು ಈ ಪತ್ರದೊಂದಿಗೆ ಇರಿಸಿದ್ದೇನೆ. ದಾಳಿ ಮಾಡಿದ್ದೆನ್ನಲಾದ ಸೇನೆಯು, ತಾನು ಹೊಡೆದದ್ದು ಸಶಸ್ತ್ರ ಗುಂಪಿನ ಅಡಗುದಾಣಕ್ಕೆ, ನಾಗರಿಕರು ಸತ್ತ ಬಗ್ಗೆ ವಿಶ್ವಾಸಾರ್ಹ ಮಾಹಿತಿ ಇಲ್ಲ ಎಂದಿದೆ. ಯುದ್ಧದಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ, ಸತ್ಯ ಯಾರಿಗೂ ಸಿಗುವುದಿಲ್ಲ, ಸುಮ್ಮನೆ ಏಕೆ ತಲೆ ಕೆಡಿಸಿಕೊಳ್ಳುತ್ತೀ ಎಂದು ಸಹಪಾಠಿಗಳು ಕೇಳುತ್ತಾರೆ. ಆ ಕಟ್ಟಡದ ಎದುರು ಮನೆಯವರೊಬ್ಬರು ಬೆಳಗಿನ ಜಾವ ತೆಗೆದ ವಿಡಿಯೊ ನಮ್ಮಲ್ಲಿದೆ. ಬಾಂಬಿನ ಚೂರೊಂದನ್ನು ಅವರು ಮನೆಯಲ್ಲೇ ಇಟ್ಟುಕೊಂಡಿದ್ದಾರೆ. ನನ್ನೊಡನೆ ಮಾತನಾಡಲು ಸಿದ್ಧರಿದ್ದಾರೆ, ತಮ್ಮ ಹೆಸರು ಹಾಕಿದರೂ ಅಡ್ಡಿಯಿಲ್ಲ ಎನ್ನುತ್ತಾರೆ. ನಾನು ಅವರನ್ನು ಮಾತನಾಡಿಸಬಹುದೇ? ಯಾವ ಸಂಖ್ಯೆಯನ್ನು ಬರೆಯಲಿ? ಇದು ಯುದ್ಧಾಪರಾಧ ಎನ್ನಬಹುದೇ? ಇನ್ನೊಂದು ಮಾತು: ಆ ವಿಡಿಯೊವನ್ನು ಎಷ್ಟೋ ಸಲ ನೋಡಿ, ಈಗ ರಾತ್ರಿ ಸರಿಯಾಗಿ ನಿದ್ದೆ ಬರುತ್ತಿಲ್ಲ.

ಉತ್ತರ:

ನಿಮ್ಮ ಪತ್ರದಲ್ಲಿದ್ದ ಪಟ್ಟಣದ ಹೆಸರು, ದಿನಾಂಕ ಮತ್ತು ಸಾಕ್ಷಿಯ ಗುರುತನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಪಟ್ಟಿಯಿಂದ ಎತ್ತಿಕೊಂಡ ಹೆಸರುಗಳನ್ನೂ ಬದಲಿಸಿದ್ದೇನೆ. ನಿಮ್ಮ ಆತಂಕ ನನಗೆ ಅರ್ಥವಾದದ್ದು ಹೀಗೆ: ನಾಲ್ಕು ಮೂಲಗಳು ನಾಲ್ಕು ಮಾತು ಹೇಳುತ್ತಿರುವಾಗ, ಸ್ಥಳಕ್ಕೆ ಹೋಗಲಾಗದ ನೀವು ಯಾವುದನ್ನೋ ಒಂದನ್ನು ನಂಬಿ ಬರೆದರೆ ಸತ್ತವರಿಗೆ ಅನ್ಯಾಯವಾದೀತು, ಬರೆಯದಿದ್ದರೂ ಅನ್ಯಾಯವಾದೀತು. ಈ ಇಕ್ಕಟ್ಟಿನಿಂದ ಹೊರಬರುವ ದಾರಿ, ಒಂದೇ ಪ್ರಶ್ನೆಯಂತೆ ಕಾಣುವುದನ್ನು ನಾಲ್ಕಾಗಿ ಒಡೆಯುವುದು. ಆ ಸ್ಥಳದಲ್ಲಿ, ಆ ಹೊತ್ತಿನಲ್ಲಿ ಸ್ಫೋಟ ನಡೆಯಿತೇ? ಅದರಲ್ಲಿ ಸತ್ತವರು ಯಾರು? ಆ ಆಯುಧವನ್ನು ಪ್ರಯೋಗಿಸಿದವರು ಯಾರು? ಅದು ಕಾನೂನುಬಾಹಿರವೇ? ಪ್ರತಿಯೊಂದಕ್ಕೂ ಬೇಕಾದ ಪುರಾವೆ ಬೇರೆ, ಸಿಗುವ ಖಚಿತತೆಯ ಮಟ್ಟವೂ ಬೇರೆ. ಒಂದರ ಉತ್ತರ ಗಟ್ಟಿಯಾಗಿದೆಯೆಂದು ಉಳಿದ ಮೂರೂ ಗಟ್ಟಿಯಾದವೆಂದು ತಿಳಿಯುವುದು, ಅಥವಾ ಒಂದು ಅನುಮಾನಾಸ್ಪದವೆಂದು ಉಳಿದ ಮೂರನ್ನೂ ಕೈಬಿಡುವುದು, ಈ ಕೆಲಸದಲ್ಲಿ ನಾನು ಅತಿ ಹೆಚ್ಚಾಗಿ ಕಂಡಿರುವ ದೋಷಗಳು.

2023ರ ಅಕ್ಟೋಬರ್ 17ರಂದು ಗಾಜಾದ ಅಲ್ ಅಹ್ಲಿ ಆಸ್ಪತ್ರೆಯ ಆವರಣದಲ್ಲಿ ನಡೆದ ಸ್ಫೋಟವನ್ನು ನೆನಪಿಸಿಕೊಳ್ಳಿ. ಅಲ್ಲಿ ಸ್ಫೋಟವಾದದ್ದು ನಿಜ, ಜನ ಸತ್ತದ್ದು ನಿಜ. ಆ ಬಗ್ಗೆ ತಕರಾರಿಲ್ಲ. ಎಷ್ಟು ಜನ ಎಂಬುದರಲ್ಲಿ ಗಾಜಾದ ಆರೋಗ್ಯ ಸಚಿವಾಲಯ 471 ಎಂದರೆ, ಅಮೆರಿಕದ ಗುಪ್ತಚರ ಅಂದಾಜು 100ರಿಂದ 300ರ ನಡುವೆ ಇತ್ತು. ಯಾರು ಎಂಬುದರಲ್ಲಿ ಇಸ್ರೇಲಿನ ದಾಳಿ ಎಂಬ ಆರೋಪವೂ, ಪ್ಯಾಲೆಸ್ಟೀನಿ ಗುಂಪೊಂದರ ಗುರಿತಪ್ಪಿದ ರಾಕೆಟ್ ಎಂಬ ತೀರ್ಮಾನವೂ ಎದುರುಬದುರಾದವು. ನೆಲದಲ್ಲಿ ಬಿದ್ದ ಕುಳಿ ದೊಡ್ಡ ವಿಮಾನ ಬಾಂಬಿನದಕ್ಕಿಂತ ತೀರ ಚಿಕ್ಕದಾಗಿದ್ದದ್ದು ಎರಡನೆಯ ತೀರ್ಮಾನಕ್ಕೆ ಬಂದವರು ಮುಂದಿಟ್ಟ ಕಾರಣಗಳಲ್ಲೊಂದು. ಸಂಖ್ಯೆಯ ಬಗ್ಗೆ ಅನುಮಾನವಿದ್ದ ಕೆಲವರು ಸಾವನ್ನೇ ಲಘುವಾಗಿ ಕಂಡರು. ಸಾವಿನ ಬಗ್ಗೆ ಖಚಿತವಿದ್ದ ಕೆಲವರು ಹೊಣೆಯೂ ಅಷ್ಟೇ ಖಚಿತವೆಂದುಕೊಂಡರು. ಎರಡೂ ಕಡೆ ಪ್ರಶ್ನೆಗಳು ಕಲಸಿಹೋಗಿದ್ದವು.

ನಿಮ್ಮ ಸಹಪಾಠಿಗಳ ಮಾತಿಗೆ ಬರೋಣ. ಯುದ್ಧದಲ್ಲಿ ಎಲ್ಲ ಕಡೆಯವರೂ ತಮಗೆ ಬೇಕಾದಂತೆ ಹೇಳುತ್ತಾರೆಂಬುದು ಸರಿ. ಆದರೆ ಅದರಿಂದ ಸತ್ಯ ಸಿಗುವುದೇ ಇಲ್ಲ ಎಂಬ ತೀರ್ಮಾನ ಹೊರಡುವುದಿಲ್ಲ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಅಮೆರಿಕದ ಡ್ರೋನ್ ಒಂದು ಬಿಳಿಯ ಟೊಯೊಟಾ ಕಾರಿನ ಮೇಲೆ ಕ್ಷಿಪಣಿ ಹಾರಿಸಿತು. ಕಾರಿನಲ್ಲಿ ಸ್ಫೋಟಕಗಳಿದ್ದವು, ಹೊಡೆತದ ನಂತರ ಎರಡನೆಯ ಸ್ಫೋಟವಾದದ್ದೇ ಅದಕ್ಕೆ ಸಾಕ್ಷಿ ಎಂದು ಸೇನೆ ಹೇಳಿತು. ಪತ್ರಕರ್ತರು ಆ ಮನೆಗೆ ಹೋದರು, ಕಣ್ಗಾವಲು ಕ್ಯಾಮೆರಾದ ದೃಶ್ಯಗಳನ್ನು ತರಿಸಿ ನೋಡಿದರು. ಆ ದಿನ ಕಾರಿಗೆ ತುಂಬಿದ್ದು ನೀರಿನ ಕ್ಯಾನುಗಳೆಂದೂ, ಕಾರಿನ ಚಾಲಕ ನೆರವು ಸಂಸ್ಥೆಯೊಂದರ ನೌಕರರೆಂದೂ, ಅಂಗಳದಲ್ಲಿ ಎರಡನೆಯ ದೊಡ್ಡ ಸ್ಫೋಟದ ಗುರುತುಗಳೇ ಇಲ್ಲವೆಂದೂ ತೋರಿಸಿದರು. ಸೆಪ್ಟೆಂಬರ್ 17ರಂದು ಸೇನೆಯೇ ಅದು ತಪ್ಪು ದಾಳಿಯೆಂದು, ಏಳು ಮಕ್ಕಳೂ ಸೇರಿ ಹತ್ತು ನಾಗರಿಕರು ಸತ್ತರೆಂದು ಒಪ್ಪಿಕೊಂಡಿತು. ಮೂರು ವಾರವೂ ಬೇಕಾಗಲಿಲ್ಲ. ಎಲ್ಲ ಪ್ರಕರಣಗಳೂ ಇಷ್ಟು ಬೇಗ ಇತ್ಯರ್ಥವಾಗುವುದಿಲ್ಲ, ನಿಜ. ಇಲ್ಲಿ ಪತ್ರಕರ್ತರು ನಗರದಲ್ಲೇ ಇದ್ದರು, ಮನೆಯವರು ಮಾತನಾಡಿದರು, ಕ್ಯಾಮೆರಾಗಳು ಉಳಿದಿದ್ದವು. ಆದರೆ ಸತ್ಯ ಸಿಗದಿರುವುದಕ್ಕೆ ಬಹುಪಾಲು ಕಾರಣ, ಯಾರೂ ಹುಡುಕಿಕೊಂಡು ಹೋಗದಿರುವುದು.

‘ವಿಶ್ವಾಸಾರ್ಹ ಮಾಹಿತಿ ಇಲ್ಲ’ ಎಂಬ ಸೇನೆಯ ಮಾತನ್ನು ಓದುವಾಗ ಇದು ನೆನಪಿರಲಿ. ಆ ವಾಕ್ಯ ನಾಗರಿಕರು ಸತ್ತಿಲ್ಲವೆಂದು ಹೇಳುತ್ತಿಲ್ಲ. ತಮ್ಮ ಕಡತದಲ್ಲಿ ಆ ಬಗ್ಗೆ ಏನೂ ಇಲ್ಲವೆಂದಷ್ಟೇ ಹೇಳುತ್ತಿದೆ. ಹಾಗಾದರೆ ಆ ಕಡತ ತಯಾರಾದದ್ದು ಹೇಗೆ ಎಂದು ಕೇಳಬೇಕು. ಇರಾಕ್ ಮತ್ತು ಸಿರಿಯಾದ ದಾಳಿಗಳ ಕುರಿತ ಅಮೆರಿಕ ಸೇನೆಯ 1,300ಕ್ಕೂ ಹೆಚ್ಚು ಆಂತರಿಕ ಪರಿಶೀಲನಾ ವರದಿಗಳನ್ನು ನ್ಯೂಯಾರ್ಕ್ ಟೈಮ್ಸ್ ಪಡೆದು 2021ರಲ್ಲಿ ಪ್ರಕಟಿಸಿದಾಗ, ಅಷ್ಟರಲ್ಲಿ ತನಿಖೆದಾರರು ದಾಳಿಯ ಸ್ಥಳಕ್ಕೆ ಹೋಗಿದ್ದು ಒಂದೇ ಪ್ರಕರಣದಲ್ಲಿ, ಬದುಕುಳಿದವರನ್ನೋ ಸಾಕ್ಷಿಗಳನ್ನೋ ಮಾತನಾಡಿಸಿದ್ದು ಎರಡರಲ್ಲಿ ಎಂದು ಪತ್ರಿಕೆ ವರದಿ ಮಾಡಿತು. ಉಳಿದವುಗಳಲ್ಲಿ ನೋಡಿದ್ದು ಹೆಚ್ಚಾಗಿ ಆಕಾಶದಿಂದ ತೆಗೆದ ದೃಶ್ಯಗಳನ್ನು, ಅದೂ ದಾಳಿಗೆ ಸ್ವಲ್ಪ ಮುಂಚಿನ ಮತ್ತು ಸ್ವಲ್ಪ ನಂತರದ ಕೆಲವೇ ಕ್ಷಣಗಳನ್ನು. ಹೆಂಚು, ತಾರಸಿ, ಕಾಂಕ್ರೀಟಿನ ಕೆಳಗೆ ಇರುವವರು ಆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಬಾಂಬಿನ ಭಯಕ್ಕೆ ಹೆಂಗಸರು, ಮಕ್ಕಳು, ವೃದ್ಧರು ಸೇರುವುದು ಒಳಕೋಣೆ ಮತ್ತು ನೆಲಮಾಳಿಗೆಗಳಿಗೇ. 2017ರ ಮಾರ್ಚ್ 17ರಂದು ಇರಾಕಿನ ಮೊಸುಲ್‌ನ ಅಲ್ ಜದೀದಾ ಬಡಾವಣೆಯಲ್ಲಿ ಹೀಗೆಯೇ ಆಯಿತು. ತಾರಸಿಯ ಮೇಲಿದ್ದ ಇಬ್ಬರು ಬಂದೂಕುಧಾರಿಗಳನ್ನು ಗುರಿಯಾಗಿಸಿ ಸುಮಾರು 227 ಕಿಲೋ ತೂಕದ ಒಂದು ಬಾಂಬನ್ನು ಹಾಕಲಾಯಿತು. ಕಟ್ಟಡದೊಳಗೆ ಆಶ್ರಯ ಪಡೆದಿದ್ದವರು ನೂರಕ್ಕೂ ಹೆಚ್ಚು ಜನ. ಕನಿಷ್ಠ 105 ನಾಗರಿಕರು ಸತ್ತರೆಂದು ಅಮೆರಿಕದ ತನಿಖೆಯೇ ಅದೇ ವರ್ಷದ ಮೇ ತಿಂಗಳಲ್ಲಿ ಹೇಳಿತು. ಐಎಸ್ (ಇಸ್ಲಾಮಿಕ್ ಸ್ಟೇಟ್ ಉಗ್ರಗಾಮಿ ಗುಂಪು) ಇರಿಸಿದ್ದ ಸ್ಫೋಟಕಗಳು ಸಿಡಿದು ಕಟ್ಟಡ ಕುಸಿಯಿತೆಂದೂ ಸೇರಿಸಿತು. ಈ ಎರಡನೆಯ ಮಾತನ್ನು ಸ್ಥಳೀಯರು ಒಪ್ಪಲಿಲ್ಲ.

ನಿಖರ ಆಯುಧಗಳಿಂದ ನಾಗರಿಕರು ಸಾಯುವುದಿಲ್ಲವೆಂಬ ನಂಬಿಕೆಯೂ ಇಲ್ಲೇ ಮುರಿಯುತ್ತದೆ. ಮಾರ್ಗದರ್ಶಿತ ಬಾಂಬ್ ತನಗೆ ತೋರಿಸಿದ ಜಾಗಕ್ಕೆ ಹೋಗಿ ಬೀಳುತ್ತದೆ. ಅಲ್ಲಿ ಯಾರಿದ್ದಾರೆಂದು ಅದಕ್ಕೆ ತಿಳಿಯದು. ತಪ್ಪು ಆಗುವುದು ಗುರಿಯನ್ನು ಆರಿಸುವಾಗ: ಹಳೆಯ ಗುಪ್ತ ಮಾಹಿತಿ, ಬೇರೆಯವರ ಮನೆಯನ್ನು ಶತ್ರುವಿನದೆಂದು ತಿಳಿಯುವುದು, ಮೊದಲೇ ತೀರ್ಮಾನಿಸಿಕೊಂಡದ್ದಕ್ಕೆ ಹೊಂದುವುದನ್ನಷ್ಟೇ ಪರದೆಯಲ್ಲಿ ಕಾಣುವುದು. ಕಾಬೂಲಿನ ಪ್ರಕರಣದಲ್ಲಿ ಆ ಕಾರನ್ನು ಸುಮಾರು ಎಂಟು ಗಂಟೆ ಹಿಂಬಾಲಿಸಿ ನೋಡಿದ್ದರೂ, ನೀರಿನ ಕ್ಯಾನು ಸ್ಫೋಟಕದಂತೆಯೇ ಕಂಡಿತು.

ಇನ್ನು ನಿಮ್ಮ ಸಂಖ್ಯೆಗಳು. ಹೆಚ್ಚಿನವರು ಇಲ್ಲಿಯೇ ಎಡವುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 34, 19 ಮತ್ತು 27, ಈ ಮೂರನ್ನೂ ಹೇಳಿದವರು ಪ್ರಾಮಾಣಿಕರೇ ಆಗಿರಬಹುದು. ಸುದ್ದಿಸಂಸ್ಥೆಯ 19 ಬಹುಶಃ ಮೊದಲ ದಿನ ವರದಿಗಾರ ಕರೆ ಮಾಡಿದ ಹೊತ್ತಿಗೆ ಹೊರತೆಗೆದಿದ್ದ ಶವಗಳ ಲೆಕ್ಕ. ಆಸ್ಪತ್ರೆಯ 34ರಲ್ಲಿ ಅದೇ ರಾತ್ರಿ ಬೇರೆ ಕಡೆ ನಡೆದ ದಾಳಿಗಳಿಂದ ಬಂದ ಶವಗಳೂ, ಮುಂದಿನ ದಿನಗಳಲ್ಲಿ ಗಾಯದಿಂದ ತೀರಿಕೊಂಡವರೂ ಸೇರಿರಬಹುದು. ಮೈ ಛಿದ್ರವಾಗಿದ್ದಾಗ ಒಬ್ಬರ ಅವಶೇಷಗಳು ಇಬ್ಬರದೆಂದು ದಾಖಲಾಗುವುದೂ ಉಂಟು. ನೆರೆಯವರ 27, ಅವರಿಗೆ ಗೊತ್ತಿದ್ದವರ ಹೆಸರುಗಳು. ಬೇರೆ ಊರಿನಿಂದ ಓಡಿಬಂದು ಆ ಕಟ್ಟಡದಲ್ಲಿ ತಂಗಿದ್ದವರು ಅದರಲ್ಲಿ ಇರಲಿಕ್ಕಿಲ್ಲ. ಈ ಮೂರರ ಸರಾಸರಿ ತೆಗೆಯಬೇಡಿ. ನಡುವಿನದ್ದು ನಿಜವಿರಬೇಕೆಂದು ಊಹಿಸಲೂ ಬೇಡಿ.

ಹೆಸರಿನಿಂದ ಶುರುಮಾಡಿ. ನೀವು ಕಳಿಸಿದ ಪಟ್ಟಿಯನ್ನು ಸಾವಧಾನವಾಗಿ ಓದಿದೆ. ಒಂಬತ್ತನೆಯ ಸಾಲಿನಲ್ಲಿ ‘ಉಮ್ಮ್ ಖಾಲಿದ್’ ಎಂದಷ್ಟೇ ಇದೆ, ಅಂದರೆ ಖಾಲಿದನ ತಾಯಿ. ಹದಿನಾರನೆಯ ಸಾಲಿನಲ್ಲಿ 41 ವರ್ಷದ ಮಹಿಳೆಯೊಬ್ಬರ ಪೂರ್ಣ ಹೆಸರಿದೆ, ಅದರ ಕೆಳಗೇ ಅವರ ಹಿರಿಯ ಮಗ ಖಾಲಿದನ ಹೆಸರಿದೆ. ಅರಬ್ ಸಮಾಜದಲ್ಲಿ ಹಿರಿಯ ಮಗುವಿನ ಹೆಸರು ಹಿಡಿದು ತಂದೆತಾಯಿಯನ್ನು ಕರೆಯುವ ರೂಢಿಯಿದೆಯಾದ್ದರಿಂದ ಈ ಎರಡು ಸಾಲುಗಳು ಒಬ್ಬ ಮಹಿಳೆಯದೇ ಆಗಿರುವ ಸಾಧ್ಯತೆ ಹೆಚ್ಚು; ಒಂದು ಹೆಸರು ನೆರೆಮನೆಯವರು ಹೇಳಿದ್ದು, ಇನ್ನೊಂದು ಸಂಬಂಧಿಕರು ಬರೆಸಿದ್ದು. ಹಾಗೆಂದು, ಒಂದೇ ಹೆಸರು ಎರಡು ಕಡೆ ಕಂಡಲ್ಲೆಲ್ಲ ಒಂದನ್ನು ಹೊಡೆದುಹಾಕಬೇಡಿ. 20 ಮತ್ತು 23ನೆಯ ಸಾಲುಗಳಲ್ಲಿ ಒಂದೇ ಮನೆತನದ ಇಬ್ಬರು ಮುಹಮ್ಮದ್‌ಗಳಿದ್ದಾರೆ, ಒಬ್ಬನಿಗೆ ಆರು, ಇನ್ನೊಬ್ಬನಿಗೆ ಎಂಟು ವರ್ಷ. ವಯಸ್ಸು ತಪ್ಪಾಗಿ ಬರೆದ ಒಂದೇ ಮಗುವೆಂದು ನಿಮ್ಮ ತಂಡದವರು ಪಕ್ಕದಲ್ಲಿ ಗುರುತು ಹಾಕಿದ್ದಾರೆ. ತಂದೆಯ ಹೆಸರನ್ನು ನೋಡಿ, ಬೇರೆಬೇರೆ; ಅಜ್ಜನ ಹೆಸರನ್ನು ನೋಡಿ, ಎರಡೂ ಕಡೆ ಮುಹಮ್ಮದ್. ಅಣ್ಣತಮ್ಮಂದಿರಿಬ್ಬರೂ ತಮ್ಮ ಗಂಡುಮಕ್ಕಳಿಗೆ ಅಪ್ಪನ ಹೆಸರನ್ನೇ ಇಟ್ಟಿದ್ದಾರೆ. ಆ ಸಾಲನ್ನು ಅಳಿಸಿದರೆ ಒಬ್ಬ ಹುಡುಗ ದಾಖಲೆಯಿಂದ ಮಾಯವಾಗುತ್ತಾನೆ. ಅದೇ ಪಟ್ಟಿಯ ಎರಡು ಕಡೆ ‘ಇಂಥವರ ಹೆಂಡತಿ’ ಎಂದಿದೆ. ಆ ಮಹಿಳೆಯರ ಸ್ವಂತ ಹೆಸರನ್ನು ಹುಡುಕುವುದು ನಿಮ್ಮ ಮುಂದಿನ ಕೆಲಸವಾಗಲಿ.

ಹೀಗೆ ಹೆಸರು, ತಂದೆ ಮತ್ತು ಅಜ್ಜನ ಹೆಸರು, ವಯಸ್ಸು, ಸತ್ತ ಸ್ಥಳ, ದಿನ ಇಷ್ಟನ್ನು ಒಂದು ಸಾಲಿನಲ್ಲಿ ಕೂಡಿಸಿ, ಪ್ರತಿ ಸಾಲಿಗೂ ಸ್ವತಂತ್ರ ಮೂಲಗಳನ್ನು ಜೋಡಿಸಬೇಕು. ಅಫ್ಘಾನಿಸ್ತಾನದಲ್ಲಿ ವಿಶ್ವಸಂಸ್ಥೆಯ ನಿಯೋಗವು ಒಂದು ಘಟನೆಯನ್ನು ದೃಢಪಡಿಸಲು ಕನಿಷ್ಠ ಮೂರು ಬೇರೆ ಬೇರೆ ಬಗೆಯ, ಪರಸ್ಪರ ಸ್ವತಂತ್ರವಾದ ಮೂಲಗಳನ್ನು ಬೇಡುತ್ತಿತ್ತು. ಒಂದೇ ವಾಟ್ಸ್ಆ್ಯಪ್ ಸಂದೇಶವನ್ನು ಹತ್ತು ಪುಟಗಳು ಹಂಚಿಕೊಂಡರೆ ಅದು ಹತ್ತು ಮೂಲವಾಗುವುದಿಲ್ಲ. ಪಕ್ಷಪಾತಿ ಸಂಸ್ಥೆಯೊಂದು ಕೊಟ್ಟ ಪಟ್ಟಿಯೆಂದ ಮಾತ್ರಕ್ಕೆ ಅದನ್ನು ಬದಿಗಿಡಲೂ ಬಾರದು, ತಾಳೆ ನೋಡಬೇಕು. ಗಾಜಾದ ಆರೋಗ್ಯ ಸಚಿವಾಲಯದ ಅಂಕಿಗಳನ್ನು ಅನುಮಾನಿಸಿದ ಮಾತುಗಳು ಬಂದಾಗ ಅದು 2023ರ ಅಕ್ಟೋಬರ್ 26ರಂದು 6,747 ಹೆಸರುಗಳನ್ನು ವಯಸ್ಸು ಮತ್ತು ಗುರುತಿನ ಸಂಖ್ಯೆಯ ಸಹಿತ ಪ್ರಕಟಿಸಿತು. ವೈಮಾನಿಕ ದಾಳಿಗಳಲ್ಲಿ ಸತ್ತ ನಾಗರಿಕರನ್ನು ದಾಖಲಿಸುವ, ಲಂಡನ್ನಿನ ಏರ್‌ವಾರ್ಸ್ ಸಂಸ್ಥೆ ಯುದ್ಧದ ಮೊದಲ ಹದಿನೇಳು ದಿನಗಳಲ್ಲಿ ತಾನು ಸ್ವತಂತ್ರವಾಗಿ ಕಲೆಹಾಕಿದ ಹೆಸರುಗಳನ್ನು ಸಚಿವಾಲಯದ ಪಟ್ಟಿಯೊಂದಿಗೆ ಹೋಲಿಸಿದಾಗ ಸುಮಾರು 75 ಪ್ರತಿಶತ ಎರಡೂ ಕಡೆ ಇದ್ದವು. ಆ ಪಟ್ಟಿ ನಾಗರಿಕರನ್ನೂ ಹೋರಾಟಗಾರರನ್ನೂ ಬೇರ್ಪಡಿಸಿರಲಿಲ್ಲ ಎಂಬ ಮಿತಿಯನ್ನು ಜೊತೆಗೇ ಹೇಳಬೇಕಾಗುತ್ತದೆ.

ಪರಿಶೀಲಿತ ಸಂಖ್ಯೆ ಯಾವಾಗಲೂ ಕನಿಷ್ಠ ಸಂಖ್ಯೆ ಎಂಬುದನ್ನು ಓದುಗರಿಗೆ ನೀವೇ ಬಿಡಿಸಿ ಹೇಳಬೇಕು. 2022ರ ಮಾರ್ಚ್ 16ರಂದು ಉಕ್ರೇನಿನ ಮರಿಯುಪೋಲಿನ ನಾಟಕ ಮಂದಿರದ ಮೇಲೆ ಬಾಂಬ್ ಬಿದ್ದಾಗ ನಗರಾಡಳಿತ ಸುಮಾರು 300 ಎಂದಿತು, ಎಪಿ ಸುದ್ದಿಸಂಸ್ಥೆಯ ತನಿಖೆ 600ರ ಹತ್ತಿರ ಎಂದಿತು, ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ತಾನು ಖಚಿತಪಡಿಸಿಕೊಂಡದ್ದು ಕನಿಷ್ಠ ಹನ್ನೆರಡು, ಇನ್ನೂ ಹಲವರು ಸತ್ತಿರಬಹುದು ಎಂದಿತು. ಒಂದು ಅಂದಾಜು, ಇನ್ನೊಂದು ಬದುಕುಳಿದವರ ನೆನಪಿನಿಂದ ಕಟ್ಟಡದ ಕೋಣೆಕೋಣೆಯನ್ನು ಮರುನಿರ್ಮಿಸಿ ಮಾಡಿದ ಲೆಕ್ಕ, ಮತ್ತೊಂದು ದೃಢಪಟ್ಟ ಸಾವುಗಳು. ವಿಧಾನವನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಉಲ್ಲೇಖಿಸಿದರೆ ಒಬ್ಬರು ಇನ್ನೊಬ್ಬರನ್ನು ಸುಳ್ಳುಗಾರರೆಂದು ಕರೆಯುವಂತಾಗುತ್ತದೆ. ಇಡೀ ಯುದ್ಧದ ಮಟ್ಟದಲ್ಲೂ ಇದೇ ಅಂತರ ಕಾಣುತ್ತದೆ: ಸಿರಿಯಾದಲ್ಲಿ 2011ರ ಮಾರ್ಚ್‌ನಿಂದ ಹತ್ತು ವರ್ಷಗಳಲ್ಲಿ ಹೆಸರು, ದಿನ, ಸ್ಥಳ ಸಹಿತ ದಾಖಲಾದ ನಾಗರಿಕರ ಸಾವು 1,43,350; ಬೇರೆ ಬೇರೆ ಪಟ್ಟಿಗಳ ನಡುವಿನ ಹೊಂದಿಕೆಯನ್ನು ಆಧರಿಸಿ, ಯಾವ ಪಟ್ಟಿಗೂ ಸೇರದವರನ್ನು ಸಂಖ್ಯಾಶಾಸ್ತ್ರದ ಮೂಲಕ ಅಂದಾಜಿಸಿದ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಕೊಟ್ಟ ಒಟ್ಟು 3,06,887. ಇಡೀ ಕುಟುಂಬವೇ ಸತ್ತ ಮನೆಯಲ್ಲಿ ಹೆಸರು ಬರೆಸುವವರು ಉಳಿದಿರುವುದಿಲ್ಲ.

ಸತ್ತವರಲ್ಲಿ ನಾಗರಿಕರು ಯಾರು ಎಂಬ ಪ್ರಶ್ನೆಗೆ ಲಿಂಗ, ವಯಸ್ಸು ಉತ್ತರವಲ್ಲ. 18ರಿಂದ 50 ವಯಸ್ಸಿನ ಗಂಡಸರನ್ನೆಲ್ಲ ಹೋರಾಟಗಾರರ ಖಾನೆಗೆ ಹಾಕುವ ಅಭ್ಯಾಸವನ್ನು ಬಲ್ಲವರ ಬರಹಗಳಲ್ಲೂ ಕಂಡಿದ್ದೇನೆ. ಅನುಮಾನವಿದ್ದಾಗ ವ್ಯಕ್ತಿಯನ್ನು ನಾಗರಿಕನೆಂದೇ ಪರಿಗಣಿಸಬೇಕೆಂದು ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಒಡಂಬಡಿಕೆಯ 50ನೆಯ ವಿಧಿ ಹೇಳುತ್ತದೆ. ನಿಮ್ಮ ಪಟ್ಟಿಯ ಗಂಡಸರಲ್ಲಿ ಯಾರದಾದರೂ ಹೆಸರಿನಲ್ಲಿ ಸಶಸ್ತ್ರ ಗುಂಪು ಶ್ರದ್ಧಾಂಜಲಿ ಪ್ರಕಟಿಸಿದೆಯೇ, ಸಮವಸ್ತ್ರದ ಚಿತ್ರವಿದೆಯೇ ಎಂದು ಹುಡುಕಿ. ಸಿಕ್ಕರೆ ಮರೆಮಾಚದೆ ಬರೆಯಿರಿ. ನಿಮ್ಮ ಕಡತ ಸೇನೆಗೆ ಅನುಕೂಲವಾದ ಪುರಾವೆಯನ್ನೂ ಒಳಗೊಂಡಿದ್ದರೆ ಮಾತ್ರ ಉಳಿದ ಭಾಗಕ್ಕೆ ಬೆಲೆ ಬರುತ್ತದೆ.

ವಿಡಿಯೊದ ವಿಷಯದಲ್ಲಿ ನಿಮ್ಮ ತಂಡಕ್ಕೆ ಅನುಭವವಿರುವಂತಿದೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಮೊದಲು ಮೂಲ ಕಡತವನ್ನು ಕೆಡದಂತೆ ಉಳಿಸಿ, ಹ್ಯಾಶ್ ಸಂಖ್ಯೆ (ಕಡತದಲ್ಲಿ ಏನೇ ಬದಲಾದರೂ ತಾನೂ ಬದಲಾಗುವ ಗುರುತಿನ ಸಂಖ್ಯೆ) ತೆಗೆದು ಬರೆದಿಡಿ. 2017ರಲ್ಲಿ ಯೂಟ್ಯೂಬ್‌ನ ಸ್ವಯಂಚಾಲಿತ ವ್ಯವಸ್ಥೆ ಉಗ್ರವಾದಿ ವಿಷಯವೆಂದು ಸಿರಿಯಾ ಯುದ್ಧದ ಸಾವಿರಾರು ವಿಡಿಯೊಗಳನ್ನು ಅಳಿಸಿಹಾಕಿತು. ಅವುಗಳಲ್ಲಿ ಎಷ್ಟೋ ದಾಳಿಗಳ ಪುರಾವೆಗಳಿದ್ದವು. ವಾಟ್ಸ್ಆ್ಯಪ್ ಮೂಲಕ ಬಂದ ಪ್ರತಿಯಲ್ಲಿ ಮೂಲ ಮೆಟಾಡೇಟಾ, ಅಂದರೆ ಯಾವಾಗ, ಎಲ್ಲಿ, ಯಾವ ಸಾಧನದಿಂದ ತೆಗೆದದ್ದೆಂಬ ವಿವರ, ಸಾಮಾನ್ಯವಾಗಿ ಉಳಿದಿರುವುದಿಲ್ಲ. ಮಿನಾರು, ನೀರಿನ ಟ್ಯಾಂಕು, ರಸ್ತೆಯ ತಿರುವುಗಳನ್ನು ಉಪಗ್ರಹ ಚಿತ್ರದೊಂದಿಗೆ ಹೊಂದಿಸಿ ಸ್ಥಳವನ್ನೂ, ನೆರಳಿನ ದಿಕ್ಕು ಮತ್ತು ಉದ್ದದಿಂದ ಹೊತ್ತನ್ನೂ ಲೆಕ್ಕಹಾಕಿ. ಉಚಿತವಾಗಿ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಒಂದು ಚುಕ್ಕೆಯೆಂದರೆ ನೆಲದ ಮೇಲೆ ಹತ್ತು ಮೀಟರ್. ನಿಮ್ಮ ಕಟ್ಟಡ ಅದರಲ್ಲಿ ನಾಲ್ಕಾರು ಚುಕ್ಕೆಗಳಿಗಿಂತ ಹೆಚ್ಚಿರದು, ಹಾಗಾಗಿ ಅಲ್ಲಿ ಹಾನಿ ಕಾಣದಿದ್ದರೆ ಹಾನಿಯಿಲ್ಲವೆಂದು ಬರೆಯಬೇಡಿ. ವಿಡಿಯೊ ಸುಳ್ಳಲ್ಲದಿದ್ದರೂ ತಪ್ಪು ದಾರಿ ಹಿಡಿಸಬಲ್ಲದು. 1999ರ ಏಪ್ರಿಲ್ 12ರಂದು ಸರ್ಬಿಯಾದ ಗ್ರ್ದೆಲಿಕಾದಲ್ಲಿ ಸೇತುವೆಯ ಮೇಲಿದ್ದ ಪ್ರಯಾಣಿಕರ ರೈಲಿಗೆ ನೇಟೊ ಕ್ಷಿಪಣಿಗಳು ಬಡಿದಾಗ, ರೈಲು ಇದ್ದಕ್ಕಿದ್ದಂತೆ ಎದುರಾಯಿತೆಂದು ತೋರಿಸಲು ಪ್ರದರ್ಶಿಸಿದ ದೃಶ್ಯ ನಿಜವಾದ ವೇಗಕ್ಕಿಂತ ಹಲವು ಪಟ್ಟು ವೇಗವಾಗಿ ಓಡುತ್ತಿತ್ತೆಂದು ಮರುವರ್ಷ ಜರ್ಮನ್ ಪತ್ರಿಕೆಯೊಂದು ಹೊರಗೆಡವಿತು.

ಮೂರನೆಯ ಪ್ರಶ್ನೆ, ಯಾರು ಹಾಕಿದರು ಎಂಬುದು. ಎದುರು ಮನೆಯವರಲ್ಲಿರುವ ಚೂರು ಇದಕ್ಕೆ ನೆರವಾಗಬಹುದು. 2018ರ ಆಗಸ್ಟ್ 9ರಂದು ಯೆಮೆನ್‌ನ ದಹ್ಯಾನ್‌ನಲ್ಲಿ ಶಾಲಾ ಮಕ್ಕಳಿದ್ದ ಬಸ್ಸಿನ ಮೇಲೆ ಬಾಂಬ್ ಬಿದ್ದು 40 ಮಕ್ಕಳು ಸತ್ತರು. ಸೌದಿ ನೇತೃತ್ವದ ಒಕ್ಕೂಟ ಅದನ್ನು ನ್ಯಾಯಬದ್ಧ ಸೈನಿಕ ಕಾರ್ಯಾಚರಣೆ ಎಂದು ಸಮರ್ಥಿಸಿಕೊಂಡಿತ್ತು. ಸ್ಥಳೀಯರು ತೆಗೆದ ಚೂರುಗಳ ಚಿತ್ರಗಳಲ್ಲಿದ್ದ ಅಕ್ಷರ ಮತ್ತು ಅಂಕಿಗಳಿಂದ ಅದು ಅಮೆರಿಕದಲ್ಲಿ ತಯಾರಾದ ಲೇಸರ್ ಮಾರ್ಗದರ್ಶಿತ ಬಾಂಬ್ ಎಂದು ತಜ್ಞರು ಗುರುತಿಸಿದರು. ಸೆಪ್ಟೆಂಬರ್ 1ರಂದು ಒಕ್ಕೂಟ ತಪ್ಪುಗಳಾದವೆಂದು ಒಪ್ಪಿತು. ಆದರೆ ಒಂದೇ ಬಗೆಯ ಬಾಂಬನ್ನು ಹತ್ತಾರು ದೇಶಗಳ ಸೇನೆಗಳು ಬಳಸುತ್ತವೆ. ಚೂರು ಹೇಳುವುದು ಆಯುಧದ ಹೆಸರನ್ನು, ಹಾಕಿದವರ ಹೆಸರನ್ನಲ್ಲ. ಆ ಪ್ರದೇಶದ ಆಕಾಶದಲ್ಲಿ ಆ ಹೊತ್ತಿಗೆ ಯಾರ ವಿಮಾನಗಳಿದ್ದವು ಎಂಬುದು ಬೇರೆ ಕಡೆಯಿಂದ ಬರಬೇಕು. 2019ರ ಮೇ 5 ಮತ್ತು 6ರಂದು ವಾಯವ್ಯ ಸಿರಿಯಾದಲ್ಲಿ ಹನ್ನೆರಡು ಗಂಟೆಗಳೊಳಗೆ ನಾಲ್ಕು ಆಸ್ಪತ್ರೆಗಳ ಮೇಲೆ ನಡೆದ ದಾಳಿಗಳನ್ನು ರಷ್ಯಾದ ವಾಯುಪಡೆಗೆ ಜೋಡಿಸಲು ಸಾಧ್ಯವಾದದ್ದು, ಸ್ವಯಂಸೇವಕ ವೀಕ್ಷಕರು ಬರೆದಿಟ್ಟ ವಿಮಾನ ಹಾರಾಟದ ದಿನಚರಿ ಮತ್ತು ಪೈಲಟ್‌ಗಳ ರೇಡಿಯೊ ಸಂಭಾಷಣೆಯ ಧ್ವನಿಮುದ್ರಣಗಳಿಂದ. ಹಲವು ದೇಶಗಳ ಒಕ್ಕೂಟವಿದ್ದಲ್ಲಿ ಕೆಲಸ ಇನ್ನೂ ಕಷ್ಟ: ಇರಾಕಿನ ಹವೀಜಾದಲ್ಲಿ 2015ರ ಜೂನ್‌ನಲ್ಲಿ ಕನಿಷ್ಠ 70 ಜನ ಸತ್ತ ದಾಳಿಯನ್ನು ನಡೆಸಿದ್ದು ತಮ್ಮ ವಿಮಾನಗಳೆಂದು ನೆದರ್ಲೆಂಡ್ಸ್ ಒಪ್ಪಿಕೊಂಡದ್ದು 2019ರ ನವೆಂಬರ್‌ನಲ್ಲಿ.

ಆ ಚೂರಿನ ಬಗ್ಗೆ ಒಂದು ಎಚ್ಚರಿಕೆಯನ್ನು ಇಂದೇ ಅವರಿಗೆ ತಲುಪಿಸಿ. ಅದರಲ್ಲಿ ಸಿಡಿಯದ ಸ್ಫೋಟಕ ಅಥವಾ ಫ್ಯೂಸ್‌ನ (ಬಾಂಬನ್ನು ಸಿಡಿಸುವ ಸಾಧನದ) ಭಾಗವಿರುವ ಸಂಭವವಿದ್ದರೆ ಅದನ್ನು ಮುಟ್ಟಬಾರದು, ಅಲುಗಿಸಬಾರದು, ಮಕ್ಕಳಿರುವ ಮನೆಯಲ್ಲಂತೂ ಇರಿಸಿಕೊಳ್ಳಲೇಬಾರದು. ಅಲ್ಲಿ ಸ್ಫೋಟಕ ನಿಷ್ಕ್ರಿಯಗೊಳಿಸುವ ತಂಡವಿದ್ದರೆ ಅವರಿಗೆ ತಿಳಿಸಬೇಕು. ಬರಿಯ ಲೋಹದ ತುಂಡು, ರೆಕ್ಕೆಯದೋ ಹೊರಕವಚದ್ದೋ ಎಂದು ಚಿತ್ರ ನೋಡಿದ ಆಯುಧತಜ್ಞರು ಹೇಳಿದ ಮೇಲೆಯೇ ಅದರ ಹತ್ತಿರದ ಚಿತ್ರಗಳನ್ನು ಕೇಳಿ: ಎಲ್ಲ ಬದಿಗಳಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಅಂಕಿ ಅಕ್ಷರಗಳು ಸ್ಪಷ್ಟವಾಗಿ ಓದುವಂತೆ; ಸಿಕ್ಕ ಜಾಗದ್ದೂ ಒಂದು ಚಿತ್ರ.

ಆ ವ್ಯಕ್ತಿಯನ್ನು ನೀವು ಮಾತನಾಡಿಸಬಹುದೇ? ನಿಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಅವರನ್ನು ಸಂಪರ್ಕಿಸದೆ ಬಹಿರಂಗವಾಗಿ ಸಿಕ್ಕಿರುವುದರಲ್ಲೇ ಬರೆಯುವುದು. ಇದರಲ್ಲಿ ಅವರಿಗೆ ಅಪಾಯ ಅತಿ ಕಡಿಮೆ, ಆದರೆ ಒಳಗೆ ಯಾರು ವಾಸವಿದ್ದರು, ಸಶಸ್ತ್ರ ಗುಂಪಿನವರು ಅಲ್ಲಿ ಬಂದುಹೋಗುತ್ತಿದ್ದರೇ ಎಂಬುದು ಗೊತ್ತಾಗದೆ ಉಳಿಯುತ್ತದೆ. ಎರಡು, ನೀವೇ ಫೋನಿನಲ್ಲಿ ವಿಚಾರಿಸುವುದು. ಮೂರು, ಸಾಕ್ಷಿಗಳನ್ನು ಸಂದರ್ಶಿಸುವ ತರಬೇತಿಯುಳ್ಳ, ಆ ಪ್ರದೇಶದಲ್ಲಿ ಜನರಿರುವ ಸಂಸ್ಥೆಗೆ ಅವರನ್ನು ಅವರ ಒಪ್ಪಿಗೆ ಪಡೆದು ಜೋಡಿಸುವುದು. ನಿಮ್ಮ ಪರಿಸ್ಥಿತಿಯಲ್ಲಿ ನಾನು ಮೂರನೆಯದನ್ನೇ ಆರಿಸುತ್ತೇನೆ. ಪಟ್ಟಣವನ್ನು ಹಿಡಿದಿರುವ ಗುಂಪು ಹೊರಗಿನವರೊಂದಿಗೆ ಮಾತನಾಡುವವರನ್ನು ಬೇಹುಗಾರರೆಂದು ಹಿಡಿಯಬಹುದು. ನಾಳೆ ಪಟ್ಟಣ ಇನ್ನೊಬ್ಬರ ಕೈಗೆ ಹೋದರೆ ಅವರು ಬೇರೆ ಕಾರಣಕ್ಕೆ ಹಿಡಿಯಬಹುದು. ತಜ್ಞರಲ್ಲದವರು ಮೊದಲು ಕೇಳಿದ ಪ್ರಶ್ನೆಗಳು ಸಾಕ್ಷಿಯ ನೆನಪನ್ನೇ ಬದಲಿಸುವುದುಂಟು. ‘ಅಲ್ಲಿ ಹೋರಾಟಗಾರರು ಇರಲಿಲ್ಲ ಅಲ್ಲವೇ?’ ಎಂಬುದು ಪ್ರಶ್ನೆಯ ರೂಪದಲ್ಲಿರುವ ಉತ್ತರ. ‘ಆ ದಿನ ಸಂಜೆಯಿಂದ ನೀವು ಕಂಡದ್ದನ್ನು ಹೇಳಿ’ ಎನ್ನುವುದು ಪ್ರಶ್ನೆ. ನಾಲ್ಕು ಸಂಸ್ಥೆಗಳು ನಾಲ್ಕು ಸಲ ಹೇಳಿಸಿದ ಸಾಕ್ಷ್ಯದಲ್ಲಿ ಚಿಕ್ಕಪುಟ್ಟ ವ್ಯತ್ಯಾಸಗಳು ಬಂದೇ ಬರುತ್ತವೆ, ಮುಂದೆ ನ್ಯಾಯಾಲಯದಲ್ಲಿ ಅವನ್ನೇ ಹಿಡಿದು ಆ ಸಾಕ್ಷಿಯನ್ನು ತಳ್ಳಿಹಾಕಲಾಗುತ್ತದೆ.

ಹೆಸರು ಹಾಕಿ ಎಂದು ಅವರು ಹೇಳಿದರೂ ಹಾಕಬೇಡಿ. ದುಃಖ ಮತ್ತು ಸಿಟ್ಟಿನಲ್ಲಿ ಕೊಟ್ಟ ಒಪ್ಪಿಗೆಯನ್ನು ಕೆಲವು ವಾರ ಬಿಟ್ಟು ಮತ್ತೆ ಕೇಳಬೇಕು, ಹಿಂತೆಗೆದುಕೊಳ್ಳಬಹುದೆಂದು ಹೇಳಬೇಕು. ವಿಡಿಯೊ ತೆಗೆದ ಕಿಟಕಿ ಯಾವುದೆಂದು ಗುರುತಿಸಬಹುದಾದರೆ ಹೆಸರು ಮುಚ್ಚಿಟ್ಟೂ ಫಲವಿಲ್ಲ, ಆಗ ವಿಡಿಯೊವನ್ನೇ ಪ್ರಕಟಿಸದೆ ಕಡತದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಅವರ ಫೋನ್ ಸಂಖ್ಯೆ ತಂಡದ ಹಂಚಿಕೆಯ ಕಡತದಲ್ಲಿದ್ದರೆ ತೆಗೆಸಿ. ಪರಿಹಾರ ಸಿಗುತ್ತದೆ, ತಪ್ಪಿತಸ್ಥರಿಗೆ ಶಿಕ್ಷೆಯಾಗುತ್ತದೆ ಎಂಬ ಯಾವ ಭರವಸೆಯನ್ನೂ ಕೊಡಬೇಡಿ. ಕೊಡಲು ಅದು ನಿಮ್ಮ ಕೈಯಲ್ಲಿಲ್ಲ. ಹೋರಾಟ ಇನ್ನೂ ನಡೆಯುತ್ತಿರುವಾಗ ಕಟ್ಟಡದ ನಿಖರ ನಿರ್ದೇಶಾಂಕ, ಗಾಯಾಳುಗಳನ್ನು ಸಾಗಿಸಿದ ಆಸ್ಪತ್ರೆಯ ದಾರಿ ಇವನ್ನೂ ಪ್ರಕಟಿಸಬಾರದು. ರಕ್ಷಣೆಗೆ ಬಂದವರ ಮೇಲೆ ಎರಡನೆಯ ಬಾಂಬ್ ಹಾಕಿದ ಉದಾಹರಣೆಗಳು ಸಿರಿಯಾ ಮತ್ತು ಯೆಮೆನ್‌ನಲ್ಲಿ ದಾಖಲಾಗಿವೆ.

ಯುದ್ಧಾಪರಾಧ ಎಂಬ ಪದವನ್ನು ಸದ್ಯಕ್ಕೆ ಬರೆಯಬೇಡಿ. ನಾಗರಿಕರು ಸತ್ತರೆಂಬುದೊಂದೇ ಅದನ್ನು ಸ್ಥಾಪಿಸುವುದಿಲ್ಲ. ಹಾಗೆಂದು ಸೇನಾ ಗುರಿಯೊಂದು ಅಲ್ಲಿತ್ತೆಂಬುದು ದಾಳಿಯನ್ನು ಸಮರ್ಥಿಸಿಬಿಡುವುದೂ ಇಲ್ಲ. ನಿರೀಕ್ಷಿತ ಸೈನಿಕ ಲಾಭಕ್ಕೆ ಹೋಲಿಸಿದರೆ ನಾಗರಿಕ ಹಾನಿ ಅತಿಯಾಗಿರಬಾರದು, ಗುರಿಯನ್ನು ಖಚಿತಪಡಿಸಿಕೊಳ್ಳಲು ಸಾಧ್ಯವಿರುವ ಎಲ್ಲ ಮುನ್ನೆಚ್ಚರಿಕೆ ವಹಿಸಬೇಕು ಎಂಬುದು ನಿಯಮ, ಮತ್ತು ಅದನ್ನು ಅಳೆಯುವುದು ಆದೇಶ ಕೊಟ್ಟ ಅಧಿಕಾರಿಗೆ ಆ ಕ್ಷಣದಲ್ಲಿ ಗೊತ್ತಿದ್ದ ಮತ್ತು ಗೊತ್ತಿರಬೇಕಾಗಿದ್ದ ಸಂಗತಿಗಳಿಂದ. ಆ ಮಾಹಿತಿ ಸೇನೆಯ ಬಳಿ ಇದೆ, ನಿಮ್ಮ ಬಳಿ ಇಲ್ಲ. ನೀವು ಬರೆಯಬಹುದಾದದ್ದು, ಆ ಮಾಹಿತಿಯನ್ನು ಹೊರಗೆ ಹಾಕಲೇಬೇಕಾದಂಥ ಪ್ರಶ್ನೆಗಳು: ಗುರಿ ಯಾರು? ಕಟ್ಟಡವನ್ನು ಎಷ್ಟು ಹೊತ್ತು ಗಮನಿಸಲಾಯಿತು? ಒಳಗೆ ಕುಟುಂಬಗಳಿವೆಯೆಂದು ತಿಳಿದಿತ್ತೇ? ಅಷ್ಟು ದೊಡ್ಡ ಬಾಂಬನ್ನೇ ಏಕೆ, ರಾತ್ರಿಯೇ ಏಕೆ? ಪ್ರಕಟಿಸುವ ಮೊದಲು ಇವನ್ನು ಸೇನೆಗೆ ಲಿಖಿತವಾಗಿ ಕಳಿಸಿ, ಸಮಯ ಕೊಟ್ಟು, ಬಂದ ಉತ್ತರವನ್ನು ಅಥವಾ ಉತ್ತರ ಬಾರದಿದ್ದುದನ್ನು ಬರೆಯಿರಿ.

ಹಾಗಾದರೆ ಪ್ರಕಟಿಸುವುದೇನು? ಏರ್‌ವಾರ್ಸ್ ತನ್ನ ಪ್ರಕರಣಗಳನ್ನು ದೃಢಪಟ್ಟದ್ದು, ಸಾಕಷ್ಟು ಆಧಾರವಿರುವುದು, ದುರ್ಬಲ, ವಿವಾದಿತ, ಕೈಬಿಟ್ಟದ್ದು ಎಂದು ವಿಂಗಡಿಸಿ, ಪ್ರತಿಯೊಂದಕ್ಕೂ ಕನಿಷ್ಠ ಮತ್ತು ಗರಿಷ್ಠ ಸಂಖ್ಯೆಯನ್ನು ಕೊಡುತ್ತದೆ. ನೀವೂ ಹಾಗೆ ಮಾಡಿ. ದಾಳಿ ನಡೆದದ್ದು ಯಾವ ಪುರಾವೆಯಿಂದ ಖಚಿತ; ಹೆಸರು ಸಹಿತ ಪರಿಶೀಲಿಸಿದ ನಾಗರಿಕರ ಸಾವು ಕನಿಷ್ಠ ಎಷ್ಟು, ಅವರಲ್ಲಿ ಮಕ್ಕಳೆಷ್ಟು; ಹೆಸರಿದ್ದೂ ಎರಡನೆಯ ಮೂಲ ಸಿಗದವರೆಷ್ಟು; ಆಸ್ಪತ್ರೆ ಹೇಳಿದ್ದೆಷ್ಟು, ಅದನ್ನು ಒಡೆದು ನೋಡಲು ಸಾಧ್ಯವಾಯಿತೇ; ಹೊಣೆಯ ಬಗ್ಗೆ ಯಾರು ಏನು ಹೇಳಿದ್ದಾರೆ, ಪುರಾವೆ ಎಲ್ಲಿಯವರೆಗೆ ಹೋಗುತ್ತದೆ. ಕಡತವನ್ನು ಮುಚ್ಚಬೇಡಿ. ಹೊಸ ಹೆಸರು ಸಿಕ್ಕಾಗ ತಿದ್ದುಪಡಿಯ ದಿನಾಂಕದೊಂದಿಗೆ ಸೇರಿಸಿ, ತೆಗೆದ ಹೆಸರನ್ನೂ ಕಾರಣ ಸಹಿತ ದಾಖಲಿಸಿ.

ಕೊನೆಗೆ ನಿಮ್ಮ ನಿದ್ದೆ. ಇದು ಈ ಕೆಲಸ ಮಾಡುವವರಿಗೆ ಬರುವ ತೊಂದರೆ, ಮನಸ್ಸು ದುರ್ಬಲವೆಂದೇನೂ ಅಲ್ಲ. ಆ ವಿಡಿಯೊವನ್ನು ಇನ್ನು ನೋಡಬೇಕಾದರೆ ಧ್ವನಿ ಮುಚ್ಚಿ, ಚಿಕ್ಕ ಚೌಕದಲ್ಲಿ, ಕಪ್ಪುಬಿಳುಪಿನಲ್ಲಿ ನೋಡಿ. ಹಲವರನ್ನು ಕಾಡುವುದು ದೃಶ್ಯಕ್ಕಿಂತ ಕೂಗು. ಸ್ಥಳ ಗುರುತಿಸಲು ಕಟ್ಟಡಗಳಿರುವ ಎರಡು ಮೂರು ಚೌಕಟ್ಟುಗಳು ಸಾಕು, ಅವನ್ನು ಬೇರೆಯಾಗಿ ತೆಗೆದಿಟ್ಟುಕೊಂಡು ಅದರಲ್ಲೇ ಕೆಲಸ ಮಾಡಿ. ರಾತ್ರಿ ಹೊತ್ತು, ಮಲಗುವ ಕೋಣೆಯಲ್ಲಿ ಈ ಕಡತವನ್ನು ತೆರೆಯಬೇಡಿ. ಇಂಥ ದೃಶ್ಯಗಳನ್ನು ಒಬ್ಬರೇ ಪರಿಶೀಲಿಸದೆ ಇಬ್ಬರು ಸೇರಿ ಮಾಡುವ ಪದ್ಧತಿಯನ್ನು ನಿಮ್ಮ ತಂಡದಲ್ಲಿ ತರಲು ಹೇಳಿ. ನಿದ್ದೆಯ ತೊಂದರೆ ಇನ್ನೆರಡು ವಾರ ಮುಂದುವರಿದರೆ ಮನೋವೈದ್ಯರನ್ನು ಕಾಣಿ. ಅಲ್ಲಿಯವರೆಗೆ ವಿಡಿಯೊದ ಭಾಗವನ್ನು ಇನ್ನೊಬ್ಬರಿಗೆ ಒಪ್ಪಿಸುವಂತೆ ಸಂಯೋಜಕರನ್ನು ಈ ವಾರವೇ ಕೇಳಿ. ಹೆಸರುಗಳ ಪಟ್ಟಿಯ ಕೆಲಸವನ್ನು ನೀವು ಮುಂದುವರಿಸಬಹುದು, ಅರಬ್ಬಿ ಬಲ್ಲ ನಿಮ್ಮ ಅಗತ್ಯವಿರುವುದೂ ಅಲ್ಲೇ.